ನಕ್ಕ ಮೇಲೆ ಅವನಿಗೆ ಜಾಗ ಉಳಿಯಿತೇ?

ಕುಂತ ದೈವಕ್ಕ ಶರಣು. ಹಾಡುವಾಗ ಹೀಗೆ ಶುರು ಮಾಡಿ ರೂಢಿ. ಬರೆಯುವಾಗ ಹೇಗೆ ಅಂತ ಗೊತ್ತಿಲ್ಲದ್ದಕ್ಕೆ ಇಲ್ಲಿಯೂ ಹಾಗೇ ಕೈ ಮುಗಿದೆ. ನಾನು ಕಲಿತದ್ದು ಏಳನೇ ಇಯತ್ತೆ, ಅದೂ ನಮ್ಮ ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ. ಉಳಿದದ್ದನ್ನು ಹೊಲ ಕಲಿಸಿತು, ಗೀಗೀ ಮ್ಯಾಳ ಕಲಿಸಿತು. ವಾಚನಾಲಯದ ಮಾಸ್ತರು ಬಂದು, "ಈ ಸಲದ ಪುಸ್ತಕಕ್ಕ ನೀವೂ ಒಂದು ಬರೀರಿ. ಹಾಡು ಬ್ಯಾಡ, ವಿಚಾರ ಬರೀರಿ" ಅಂದರು. ವಿಚಾರ ಒಂದು ಹೊಟ್ಟೆಯಲ್ಲಿ ಕುಂತು ವರ್ಷವಾಗಿತ್ತು. ಅದು ಬಂದದ್ದು ಮಾತ್ರ ನೀವು ಯಾರೂ ಎಣಿಸದ ಕಡೆಯಿಂದ. ಅಮೆರಿಕಾದ ಒಂದು ಹಳದಿ ಮನೆತನದಿಂದ.

ಹೋದ ವರ್ಷ ಮಳೆಗಾಲದಲ್ಲಿ ದ್ರಾಕ್ಷಿ ಪಡದ ಹೊಂಡದ ದಂಡೆಯ ಮೇಲೆ ಜಾರಿ ಬಿದ್ದು ನನ್ನ ಕಾಲು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ, ನಲವತ್ತೈದು ದಿನ ಕಾಲು ನೆಲಕ್ಕೆ ಊರಬೇಡ ಅಂದರು. ಪಡಸಾಲಿಯ ಹೊರಸಿನ ಮೇಲೆ ಕುಂತು ಕುಂತು ತಲೆ ಕೆಟ್ಟುಹೋಗಿತ್ತು. ಆಗ ಸೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ ಸೂಟಿಗೆ ಬಂದಿದ್ದ. ರಾತ್ರಿ ಲ್ಯಾಪ್‌ಟಾಪ್ ತಂದು ನನ್ನ ಬಾಜೂಕ ಇಟ್ಟು, "ಮುತ್ಯಾ, ಒಂದು ಚಿತ್ರದ ನಾಟಕ ತೋರಸ್ತೀನಿ, ನಾ ಕನ್ನಡದಾಗ ಹೇಳ್ಕೊಂತ ಹೋಗ್ತೀನಿ" ಅಂದ. ಅದರ ಹೆಸರು 'ದಿ ಸಿಂಪ್ಸನ್ಸ್'.

ಮೊದಲು ಕಂಡದ್ದೇನು? ಅಪ್ಪ, ಅವ್ವ, ಮೂರು ಮಕ್ಕಳು. ಮೈಯೆಲ್ಲ ಹಳದಿ. ಕೈಗೆ ನಾಲ್ಕೇ ಬೆರಳು. ನಮ್ಮಾಕಿ ಒಳಗಿಂದ ಬಂದು ನೋಡಿ, "ಅಯ್ಯ, ಇವಕ್ಕೆಲ್ಲ ಕಾಮಣಿ ಆಗೇತೇನು?" ಅಂದಳು. ಮೊಮ್ಮಗ ನಕ್ಕು ನಕ್ಕು ಹೊರಸಿನಿಂದ ಬಿದ್ದ.

ಅಪ್ಪನ ಹೆಸರು ಹೋಮರ್. ಅಣು ವಿದ್ಯುತ್ ಕಾರ್ಖಾನೆಯಲ್ಲಿ ಸುರಕ್ಷತೆ ನೋಡುವ ಕೆಲಸ, ಆದರೆ ಅಲ್ಲಿ ಮಲಗುವುದೇ ಹೆಚ್ಚು. ತಿನ್ನಾಕ ಮುಂದು, ದುಡಿಯಾಕ ಹಿಂದು. ಹತ್ತು ವರ್ಷದ ಮಗ ಬಾರ್ಟ್ ಅವನನ್ನು ಹೆಸರು ಹಿಡಿದು ಕರೆಯುತ್ತಾನೆ. ಅಪ್ಪ ಸಿಟ್ಟಿಗೆದ್ದು ಮಗನ ಕುತ್ತಿಗೆ ಹಿಚುಕುತ್ತಾನೆ. ನಾನು, "ಬಂದ್ ಮಾಡಲೇ ತಮ್ಮಾ. ಹೆತ್ತ ತಂದೀನ್ನ ಹಿಂಗ ನಗಿಚಾಟಿಕಿ ಮಾಡೂದು ಯಾ ಊರ ರೀತಿ?" ಅಂದೆ. ಅವನು, "ಇನ್ನೊಂದು ನೋಡು ಮುತ್ಯಾ, ಆ ಮ್ಯಾಲ ಬೈ" ಅಂದ.

ಆ ಇನ್ನೊಂದು, ಅವರ ಮೊದಲನೆಯ ಪೂರ್ತಿ ಕಥೆ. ಮ್ಯಾಟ್ ಗ್ರೋನಿಂಗ್ ಅನ್ನುವ ಚಿತ್ರಗಾರ ಈ ಮನೆತನವನ್ನು ಹುಟ್ಟಿಸಿದ. 1987ರಲ್ಲಿ ಬೇರೆಯವರ ಕಾರ್ಯಕ್ರಮದ ನಡುವೆ ಸಣ್ಣ ಸಣ್ಣ ತುಣುಕಾಗಿ ಬರುತ್ತಿತ್ತಂತೆ. 1989ರ ಡಿಸೆಂಬರಿನಲ್ಲಿ ತನ್ನದೇ ಕಾರ್ಯಕ್ರಮವಾಯಿತು. ಅಲ್ಲಿಂದ ಏಳುನೂರಕ್ಕೂ ಹೆಚ್ಚು ಕಂತು ಬಂದಿವೆ. ಬಾರ್ಟನಿಗೆ ಮಾತ್ರ ಇವತ್ತಿಗೂ ಹತ್ತೇ ವರ್ಷ.

ಆ ಕಥೆ ಕ್ರಿಸ್‌ಮಸ್ ಹಬ್ಬದ್ದು. ಹಬ್ಬಕ್ಕೆ ಕೂಡಿಟ್ಟ ದುಡ್ಡನ್ನು ಅವ್ವ ಮಾರ್ಜ್ ಮಗ ಹಾಕಿಸಿಕೊಂಡ ಹಚ್ಚೆ ಅಳಿಸಲು ಖರ್ಚು ಮಾಡಿದ್ದಾಳೆ. ಅಪ್ಪನ ಬೋನಸ್ ಬರುತ್ತದಲ್ಲ ಅನ್ನುವ ಧೈರ್ಯ. ಆದರೆ ಈ ವರ್ಷ ಮಾಲೀಕ ಬೋನಸ್ ಕೊಡುವುದಿಲ್ಲ. ಹೋಮರ್ ಅದನ್ನು ಮನೆಯಲ್ಲಿ ಹೇಳುವುದಿಲ್ಲ, ನಾಲಿಗೆ ಏಳುವುದಿಲ್ಲ. ಕದ್ದು ಹೋಗಿ ಒಂದು ಅಂಗಡಿಯಲ್ಲಿ ಸಾಂತಾ ಅಜ್ಜನ ಸೋಗು ಹಾಕಿ ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವ ಕೆಲಸ ಹಿಡಿಯುತ್ತಾನೆ. ಎಲ್ಲ ಕಳೆದು ಕೈಗೆ ಬಂದದ್ದು 13 ಡಾಲರ್. ಅದನ್ನೂ ನಾಯಿ ಓಟದ ಜೂಜಿಗೆ ಹಚ್ಚಿ ಕಳಕೊಳ್ಳುತ್ತಾನೆ. ಸೋತ ನಾಯಿಯನ್ನು ಅದರ ಮಾಲೀಕ ಹೊಡೆದು ಓಡಿಸುತ್ತಾನೆ. ಅಪ್ಪ ಮಗ ಇಬ್ಬರೂ ಆ ನಾಯಿಯನ್ನೇ ಮನೆಗೆ ತರುತ್ತಾರೆ. ಹೋಮರ್ ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ, ಮನೆಯವರು ನಾಯಿ ನೋಡಿ ಇದೇ ಹಬ್ಬದ ಕಾಣಿಕೆ ಅಂತ ಕುಣಿಯುತ್ತಾರೆ.

ನಾನು ಸುಮ್ಮನಾದೆ. ನನಗೆ 1972ರ ಬರ ನೆನಪಾಯಿತು. ನಮ್ಮಪ್ಪ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದ. ದೀಪಾವಳಿಗೆ ಅಂಗಿ ತರುತ್ತೀನಿ ಅಂತ ಹೋದವನು ಸಂಜೆ ಬರಿಗೈಯಲ್ಲಿ ಬಂದು, "ಅಂಗಡಿ ಮುಚ್ಚಿತ್ತಪಾ" ಅಂದ. ಹಬ್ಬದ ದಿನ ಅಂಗಡಿ ಮುಚ್ಚುತ್ತದೆಯೇ? ಆಗ ನಾನು ಹದಿನಾಲ್ಕು ವರ್ಷದ ಹುಡುಗ, ನಂಬಿದೆ. ನನಗೆ ಮಕ್ಕಳಾದ ಮೇಲೆ ತಿಳಿಯಿತು ಮುಚ್ಚಿದ್ದು ಅಂಗಡಿ ಅಲ್ಲ ಅಂತ. ಆ ರಾತ್ರಿ ಹೋಮರನನ್ನು ನೋಡಿ ನಕ್ಕೆ, ಆದರೆ ಅವನು ನನ್ನ ಕಣ್ಣಿನಲ್ಲಿ ಸಣ್ಣವನಾಗಲಿಲ್ಲ. ಇದು ನನಗೆ ಆಶ್ಚರ್ಯ ಅನಿಸಿತು. ನಗುವುದು ಅಂದರೆ ಸಣ್ಣದು ಮಾಡುವುದು ಅಂತ ಇಷ್ಟು ವರ್ಷ ತಿಳಿದಿದ್ದೆ.

ಮುಂದೆ ದಿನಕ್ಕೆ ಒಂದೆರಡು ನೋಡಿದೆವು. ಮೂವತ್ತರ ಮೇಲೆ ಆಗಿರಬೇಕು. ಎರಡು ಮಾತ್ರ ಇಲ್ಲಿ ಹೇಳುತ್ತೇನೆ.

1991ರದ್ದೊಂದು. ಹೋಮರ್ ದುಡ್ಡು ಕೊಡದೆ ಕಳವಿನಲ್ಲಿ ಟೀವಿಯ ಕೇಬಲ್ ಹಾಕಿಸಿಕೊಳ್ಳುತ್ತಾನೆ. ಊರವರೆಲ್ಲ ಕುಸ್ತಿ ನೋಡುವಂತೆ ಮುಷ್ಟಿ ಕಾಳಗ ನೋಡಲು ಇವನ ಮನೆಗೆ ಬರುತ್ತಾರೆ. ಎಂಟು ವರ್ಷದ ಮಗಳು ಲೀಸಾ, ಕಳವು ಮಾಡಬಾರದು ಅಂತ ಧರ್ಮದ ಪಾಠದಲ್ಲಿ ಕೇಳಿ ಬಂದವಳು, ಒಳಗೆ ಬರುವುದಿಲ್ಲ. ಬಯಲಿಗೆ ಹೋಗಿ ಹುಲ್ಲಿನ ಮೇಲೆ ಕೂಡುತ್ತಾಳೆ. ಜಗಳ ಇಲ್ಲ, ಬೈಗುಳ ಇಲ್ಲ, ಸುಮ್ಮನೆ ಹೊರಗೆ ಕುಂತಿದ್ದಾಳೆ. ಕಡೆಗೆ ಅಪ್ಪ ತಾನೂ ಎದ್ದು ಬಂದು ಮಗಳ ಬಾಜೂಕ ಕೂಡುತ್ತಾನೆ. ಆಮೇಲೆ ಕೇಬಲ್ ಕತ್ತರಿಸಲು ಕಂಬ ಹತ್ತಿ, ತಪ್ಪಿ ಕರೆಂಟಿನ ತಂತಿ ಕತ್ತರಿಸಿ ಓಣಿಗೆಲ್ಲ ಕತ್ತಲು ಮಾಡುತ್ತಾನೆ! ನಾನು ಹೊಟ್ಟೆ ಹಿಡಿದು ನಕ್ಕೆ. ನಕ್ಕು ಮುಗಿದ ಮೇಲೆ, ಒಂದು ಕಾಲಕ್ಕೆ ನಾನೂ ಹೊಲದ ಮೋಟಾರಿಗೆ ಎರಡು ವರ್ಷ ಆಕಡಾ ಹಾಕಿ ಕರೆಂಟ್ ಕದ್ದದ್ದು ನೆನಪಿಗೆ ಬಂತು. ನಮ್ಮ ಮನೆಯಲ್ಲಿ ಯಾರೂ ಹೊರಗೆ ಹೋಗಿ ಕೂಡಲಿಲ್ಲ, ಅಷ್ಟೇ ಫರಕು.

ಇನ್ನೊಂದು 1995ರದ್ದು. ಮನೆಯ ಫೋಟೋ ಪುಸ್ತಕದಲ್ಲಿ ಸಣ್ಣ ಕೂಸು ಮ್ಯಾಗಿಯ ಫೋಟೋ ಒಂದೂ ಇಲ್ಲವಲ್ಲ ಅಂತ ಮಕ್ಕಳು ಕೇಳುತ್ತಾರೆ. ಅಪ್ಪ ಕಥೆ ಹೇಳುತ್ತಾನೆ. ಹಿಂದೆ ಒಮ್ಮೆ ಅವನು ಕಾರ್ಖಾನೆ ಬಿಟ್ಟು ತನಗೆ ಮನಸ್ಸಿದ್ದ ಸಣ್ಣ ಕೆಲಸ ಹಿಡಿದಿದ್ದ. ಅಷ್ಟರಲ್ಲಿ ಮೂರನೆಯ ಕೂಸು ಹೊಟ್ಟೆಯಲ್ಲಿ ನಿಂತಿತು. ಸಣ್ಣ ಪಗಾರ ಸಾಲದೆ ಮತ್ತೆ ಹಳೆಯ ಮಾಲೀಕನ ಮುಂದೆ ಮೊಣಕಾಲೂರಿ ಹೋಗಬೇಕಾಯಿತು. ನೀನು ಇಲ್ಲಿಂದ ಎಂದೂ ಬಿಡುಗಡೆ ಆಗುವವನಲ್ಲ ಅನ್ನುವ ಅರ್ಥದ ಒಂದು ಫಲಕವನ್ನು ಮಾಲೀಕ ಅವನ ಎದುರಿಗೇ ಹೊಡೆಸಿದ. ಹೋಮರ್ ಮಗಳ ಫೋಟೋಗಳನ್ನೆಲ್ಲ ಆ ಅಕ್ಷರಗಳ ಮೇಲೆ ಅಂಟಿಸಿದ. ಕೆಲವು ಅಕ್ಷರ ಮುಚ್ಚಿ, ಉಳಿದ ಅಕ್ಷರ ಕೂಡಿದರೆ, ಇದನ್ನು ಅವಳಿಗಾಗಿ ಮಾಡು ಅಂತ ಓದಲು ಬರುತ್ತದೆ. ಇದನ್ನು ಹೇಳುತ್ತ ಮೊಮ್ಮಗನ ದನಿ ಸಣ್ಣದಾಯಿತು. ಅವನ ಅಪ್ಪ, ಅಂದರೆ ನನ್ನ ಮಗ, ಸಾಂಗಲಿಯಲ್ಲಿ ಹನ್ನೆರಡು ವರ್ಷ ಬೇರೆಯವರ ಲಾರಿ ಹೊಡೆದ. ಅದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಎತ್ತಲಿಲ್ಲ.

ಇಷ್ಟು ನೋಡಿ ನಾನೊಂದು ಲೆಕ್ಕ ಹಾಕಿದೆ. ಗ್ರೋನಿಂಗನ ತಂದೆಯ ಹೆಸರೂ ಹೋಮರ್ ಅಂತೆ. ಅವ್ವ, ತಂಗಿಯರ ಹೆಸರನ್ನೂ ಈ ಮನೆಯವರಿಗೆ ಇಟ್ಟಿದ್ದಾನೆ. ಅಂದರೆ ತನ್ನ ಮನೆಯನ್ನೇ ಮುಂದಿಟ್ಟುಕೊಂಡು ನಗಿಸಿದ. ಹಾಗಾದರೆ ನಮ್ಮವರನ್ನು ನೋಡಿ ನಾವು ನಗುವುದು ತಪ್ಪಲ್ಲ, ಬೇರೆಯವರನ್ನು ನೋಡಿ ನಗುವುದು ತಪ್ಪು. ಲೆಕ್ಕ ಸರಿಯಾಯಿತು ಅಂದುಕೊಂಡೆ.

ಇದಕ್ಕೆ ಸಾಕ್ಷಿಯೂ ಆ ನಾಟಕದಲ್ಲೇ ಸಿಕ್ಕಿತು. ಆ ಊರಿನಲ್ಲಿ ಅಪು ಅಂತ ನಮ್ಮ ದೇಶದ ಒಬ್ಬ ಅಂಗಡಿಕಾರ ಇದ್ದಾನೆ. ಜಾಣ, ದುಡಿಯುವವ. ಆದರೆ ಅವನ ಇಂಗ್ಲಿಷನ್ನು ರಾಗ ಎಳೆದು ಆಡಿಸುತ್ತಾರೆ. ಆ ದನಿ ಕೊಟ್ಟವನು ಹ್ಯಾಂಕ್ ಅಜಾರಿಯಾ ಅನ್ನುವ ಅಮೆರಿಕಾದ ನಟ, ನಮ್ಮವನಲ್ಲ. ಅಲ್ಲಿ ಹುಟ್ಟಿ ಬೆಳೆದ ನಮ್ಮ ದೇಶದವರ ಮಕ್ಕಳನ್ನು ಶಾಲೆಯಲ್ಲಿ ಉಳಿದ ಹುಡುಗರು ಅದೇ ರಾಗ ಎಳೆದು ಕಾಡಿದರಂತೆ. ಅಂಥವರಲ್ಲಿ ಒಬ್ಬರಾದ ಹರಿ ಕೊಂಡಬೋಲು ಅನ್ನುವ ಹಾಸ್ಯಗಾರರು 2017ರಲ್ಲಿ ಇದರ ಮೇಲೇ ಒಂದು ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಇನ್ನು ಆ ದನಿ ಕೊಡುವುದಿಲ್ಲ ಅಂದ. ಮರುವರ್ಷ ಎಲ್ಲರ ಎದುರಿಗೆ ಕ್ಷಮೆ ಕೇಳಿದ.

ಈ ಅಪುವಿನ ಸಂಕಟ ನಮಗೆ ತಿಳಿಸಿ ಹೇಳಬೇಕಾಗಿಲ್ಲ. ಸಾಂಗಲಿಯ ಕಚೇರಿಯಲ್ಲಿ ಕೆಲಸಕ್ಕೆ ನಿಂತರೆ ನಮ್ಮ ಮರಾಠಿ ಕೇಳಿ ನಗುತ್ತಾರೆ. ವಿಜಯಪುರದ ಪೇಟೆಯಲ್ಲಿ ಬೀಜ ಕೇಳಿದರೆ ನಮ್ಮ ಕನ್ನಡ ಕೇಳಿ ನಗುತ್ತಾರೆ. ಗಡಿಯ ಮೇಲೆ ಇದ್ದವನ ನಾಲಿಗೆ ಎರಡೂ ಕಡೆ ಹಾಸ್ಯಕ್ಕೆ ಸಿಗುತ್ತದೆ. ಹೊರಗಿನವರು ನಕ್ಕರೆ ಹೇಗೆ ಉರಿಯುತ್ತದೆ ಅಂತ ನಮಗೆ ಗೊತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಿಚಾರ ಚಂದಾಗಿ ಮುಗಿಯುತ್ತಿತ್ತು. ಆದರೆ ಪ್ಲಾಸ್ಟರ್ ಬಿಚ್ಚುವ ಹಿಂದಿನ ವಾರ ಮೊಮ್ಮಗ 1997ರ ಒಂದು ಕಂತು ತೋರಿಸಿದ. ಅದು ನನ್ನ ಲೆಕ್ಕವನ್ನು ಕೆಡಿಸಿತು.

ಕಾರ್ಖಾನೆಗೆ ಫ್ರ್ಯಾಂಕ್ ಗ್ರೈಮ್ಸ್ ಅಂತ ಹೊಸಬ ಬರುತ್ತಾನೆ. ನಾಲ್ಕು ವರ್ಷದವನಿದ್ದಾಗ ತಂದೆತಾಯಿ ಬಿಟ್ಟು ಹೋಗಿದ್ದಾರೆ. ಸಣ್ಣವನಿದ್ದಾಗಲೇ ಉಳ್ಳವರ ಮಕ್ಕಳಿಗೆ ಆಟಿಗೆ ಮುಟ್ಟಿಸುವ ಕೆಲಸ ಮಾಡಿದ್ದಾನೆ. ಹದಿನೆಂಟಕ್ಕೆ ಒಂದು ಸ್ಫೋಟದಲ್ಲಿ ಸಿಕ್ಕು ಗಾಯವಾಗಿ, ಗುಣವಾಗಿ, ಬಿಡುವಿನಲ್ಲಿ ಅಂಚೆಯ ಮೇಲೆ ಓದಿ ಪದವಿ ಪಡೆದಿದ್ದಾನೆ. ಇರುವುದು ಒಂದು ಕೋಣೆ, ಅದರ ಮೇಲೂ ಕೆಳಗೂ ಚೆಂಡುರುಳಿಸುವ ಆಟದ ಸದ್ದು. ಇಂಥವನು ಬಂದು ಹೋಮರನನ್ನು ನೋಡುತ್ತಾನೆ. ಕೆಲಸದಲ್ಲಿ ನಿದ್ದೆ, ಮನೆ ಮಾತ್ರ ದೊಡ್ಡದು, ಹೆಂಡತಿ ಮಕ್ಕಳು, ಊರೆಲ್ಲ ಗೆಳೆಯರು. ಹೋಮರ್ ಗೊತ್ತಿಲ್ಲದೆ ಆಸಿಡ್ ಕುಡಿಯಲು ಹೋದಾಗ ಇವನು ಕೈಗೆ ಹೊಡೆದು ಜೀವ ಉಳಿಸುತ್ತಾನೆ, ಆದರೆ ಚೆಲ್ಲಿದ ನಷ್ಟ ಇವನ ತಲೆಗೇ ಬರುತ್ತದೆ. ಯಾರೂ ಇವನ ಮಾತು ಕೇಳುವುದಿಲ್ಲ. ಕಡೆಗೆ ತಲೆ ಕೆಟ್ಟು, ಹೋಮರನಂತೆ ನಟಿಸುತ್ತ ಕಾರ್ಖಾನೆಯೆಲ್ಲ ಓಡಿ, ಹೈ ವೋಲ್ಟೇಜ್ ತಂತಿ ಹಿಡಿದು ಸಾಯುತ್ತಾನೆ. ಮಣ್ಣಿನ ಹೊತ್ತಿಗೆ ಹೋಮರ್ ಕುಂತಲ್ಲೇ ನಿದ್ದೆ ಹೋಗಿ, ಟೀವಿ ಚಾನೆಲ್ ಬದಲಿಸು ಅಂತ ಹೆಂಡತಿಗೆ ಬಡಬಡಿಸುತ್ತಾನೆ. ಕೂಡಿದವರೆಲ್ಲ ಗೊಳ್ಳೆಂದು ನಗುತ್ತಾರೆ. ಪೆಟ್ಟಿಗೆ ಕುಣಿಯೊಳಗೆ ಇಳಿಯುತ್ತದೆ.

ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ. "ಯಾಕ ಮುತ್ಯಾ?" ಅಂದ. ನಾನು ಕಾಲು ನೋಯುತ್ತದೆ ಅಂದೆ. ನೋವು ಕಾಲಿನದಲ್ಲ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಮ್ಮ ಊರ ಆಚೆಯ ವಸ್ತಿಯಲ್ಲಿ ಒಬ್ಬ ರೈತನಿದ್ದ. ಹೆಸರು ಬೇಡ. ನಾಲ್ಕು ಎಕರೆ ಕಲ್ಲು ಹೊಲ. ನೀರಿಗಾಗಿ ಮೂರು ಬ್ಯಾಸಿಗೆ ಬಾವಿ ತೋಡಿದ. ಹಗಲು ಬೇರೆಯವರ ಕಡೆ ದುಡಿದು, ಸಂಜೆಗೆ ಹೆಂಡತಿಯನ್ನು ಕರಕೊಂಡು ತಾನೇ ಕಲ್ಲು ಎತ್ತಿದ. ಅರವತ್ತು ಅಡಿ ಇಳಿದರೂ ನೀರು ಬೀಳಲಿಲ್ಲ. ಆ ವರ್ಷ ಜಾತ್ರೆಯಲ್ಲಿ ಹರದೇಶಿ, ನಾಗೇಶಿ ಹಾಡಿಕಿ ಇತ್ತು. ಗೊತ್ತಿರದ ಹುಡುಗರಿಗಾಗಿ ಹೇಳುತ್ತೇನೆ: ಹರದೇಶಿಯವರು ಶಿವ ಹೆಚ್ಚು ಅಂತಾರೆ, ನಾಗೇಶಿಯವರು ಶಕ್ತಿ ಹೆಚ್ಚು ಅಂತಾರೆ, ಬೆಳತನಕ ಸವಾಲು ಜವಾಬು. ನಮ್ಮ ಮ್ಯಾಳ ಸೋಲಿಗೆ ಬಂದಿತ್ತು. ದೈವ ತೂಕಡಿಸುತ್ತಿತ್ತು. ಎಬ್ಬಿಸಲಿಕ್ಕೆ ಅಂತ ನಾನು ನಿಂತಲ್ಲೇ ಅವನ ಬಾವಿಯ ಮೇಲೆ ಒಂದು ಪದ ಕಟ್ಟಿದೆ. ಕಪ್ಪಿಗೆ ಕಾಲು ತೊಳೆಯಲೂ ನೀರಿಲ್ಲದೆ ಅದು ಬಾವಿ ಬಿಟ್ಟು ನೆಂಟರ ಊರಿಗೆ ಹೋಯಿತು ಅನ್ನುವ ಅರ್ಥದ್ದು. ದಪ್ಪಿನ ಮೇಲೆ ಕೈ ಬಿದ್ದಂತೆ ಜನ ನಕ್ಕರು. ಮತ್ತೆ ಮತ್ತೆ ಹೇಳಿಸಿದರು. ಹತ್ತರ ನೋಟು ನನ್ನ ರುಂಬಾಲಿಗೆ ಸಿಕ್ಕಿಸಿದರು.

ಅವನು ಮುಂದೆಯೇ ಕುಂತಿದ್ದ. ಹಾಡಿಕಿ ಅಂದರೆ ಜೀವ ಬಿಡುವವ, ಯಾವಾಗಲೂ ಮೊದಲನೆ ಸಾಲು. ಒಂದು ಕ್ಷಣ ತಾನೂ ನಕ್ಕಂತೆ ಮಾಡಿದ. ಆಮೇಲೆ ಎದ್ದು, ಕೆಳಗೆ ಹಾಸಿದ್ದ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಕತ್ತಲಲ್ಲಿ ಹೋದ. ಆ ಜಾಗದಲ್ಲಿ ಬೇರೆಯವರು ಸರಿದು ಕುಂತರು. ಅವನು ಮತ್ತೆ ಯಾವ ಜಾತ್ರೆಯಲ್ಲೂ ಹಾಡು ಕೇಳಲು ಬರಲಿಲ್ಲ. ಹನ್ನೆರಡು ವರ್ಷದ ಮೇಲೆ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಹಿಡಿ ಮಣ್ಣು ಹಾಕಿ ಬಂದೆ, ಮಾತು ಹಾಕಲಿಲ್ಲ.

ಈಗ ನನ್ನ ಲೆಕ್ಕ ಎಲ್ಲಿ ನಿಂತಿತು? ಅವನು ಹೊರಗಿನವನಲ್ಲ. ನಮ್ಮ ಊರು, ನಮ್ಮ ಭಾಷೆ, ನಮ್ಮ ಜಾತ್ರೆ. ನಮ್ಮವರನ್ನು ನೋಡಿ ನಾವು ನಗಬಹುದು ಅಂದಿದ್ದೆನಲ್ಲ? ಮತ್ತೆ, ನಾನು ಹಾಡಿದ್ದು ಸುಳ್ಳೂ ಅಲ್ಲ. ಬಾವಿಯಲ್ಲಿ ನೀರಿಲ್ಲದ್ದು ಖರೇ. ಖರೇ ಮಾತು, ನಮ್ಮವರ ಮಾತು, ಆದರೂ ತಪ್ಪಾಯಿತು. ಹಾಗಾದರೆ ತಪ್ಪು ಎಲ್ಲಿತ್ತು?

ಮೊಮ್ಮಗನಿಗೆ ಇದನ್ನೆಲ್ಲ ಮರುದಿನ ಹೇಳಿದೆ. ಅವನು ವಾದಕ್ಕೆ ನಿಂತ. "ಮುತ್ಯಾ, ಆ ಗ್ರೈಮ್ಸನ ಕಥಿ ನಿನಗ ನಗು ಬರಬಾರದು ಅಂತನೇ ಮಾಡಿರಬೇಕು. ನಕ್ಕವರಿಗೇ ಚುಚ್ಚತೈತಿ ಅದು. ಮತ್ತ ನಗೂದ ಬಿಟ್ಟರ ಹಾಡ ಹ್ಯಾಂಗ ಆಗತೈತಿ? ಎಲ್ಲಾರನ್ನೂ ಸಂಭಾಳಿಸ್ಕೊಂತ ಹೋದರ ನಿನ್ನ ಗೀಗೀ ಪದದಾಗ ಉಪ್ಪ ಉಳಿತೈತೇನು?" ಅಂದ. ಮಾತು ಖರೇ ಇತ್ತು. ನಗೆ ಇಲ್ಲದ ಜಾತ್ರೆ ಯಾರಿಗೆ ಬೇಕು? ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಸೊಕ್ಕು ನೋಡಿ ನಾವು ನಗದೆ ಇರುತ್ತೇವೆಯೇ? ಗೌಡರ ಮುಂದೆಯೇ ಗೌಡರ ಮೇಲೆ ಹಾಡಿ ಸೈ ಅನಿಸಿಕೊಂಡವನು ನಾನು. ನಗು ಕೆಟ್ಟದ್ದು ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ.

ಆಮೇಲೆ ಒಂದು ಹೊಳೆಯಿತು. ಆ ನಾಟಕ ಶುರುವಾಗುವಾಗ ಮನೆಯವರೆಲ್ಲ ಬೇರೆ ಬೇರೆ ಕಡೆಯಿಂದ ಓಡಿ ಬಂದು ಟೀವಿ ಮುಂದಿನ ಒಂದೇ ಸೋಫಾದ ಮೇಲೆ ಕೂಡುತ್ತಾರೆ. ಹೋಮರ್ ಎಷ್ಟು ತಪ್ಪು ಮಾಡಿದರೂ, ಎಷ್ಟು ನಗಿಸಿದರೂ, ಮುಂದಿನ ಕಂತಿನಲ್ಲಿ ಅವನಿಗೆ ಅಲ್ಲಿ ಜಾಗ ಇದ್ದೇ ಇರುತ್ತದೆ. ಸತ್ಯಭಾಮೆಗೂ ಸೊಕ್ಕು ಇಳಿದ ಮೇಲೆ ಕೃಷ್ಣನ ಬಾಜೂಕ ಜಾಗ ಇದೆ. ಗೌಡರಿಗೆ ಹಾಡಿನ ಮರುದಿನವೂ ಕಟ್ಟೆ ಇತ್ತು. ಗ್ರೈಮ್ಸನಿಗೆ ಎಲ್ಲಿಯೂ ಇರಲಿಲ್ಲ. ಅಪುವಿನ ದನಿಯಿಂದ ಕಾಡಿಸಿಕೊಂಡ ಆ ಮಕ್ಕಳಿಗೆ ಶಾಲೆಯ ಬಯಲಿನಲ್ಲಿ ಇರಲಿಲ್ಲ. ಬಾವಿ ತೋಡಿದವನಿಗೆ ಇದ್ದದ್ದು ಜಾತ್ರೆಯ ಮೊದಲನೆ ಸಾಲಿನಲ್ಲಿ ಒಂದು ಟವೆಲಿನಷ್ಟು ಜಾಗ. ಅದನ್ನು ನಾನು ಹತ್ತು ರೂಪಾಯಿಗೆ ತೆಗೆದುಕೊಂಡೆ.

ಆದ್ದರಿಂದ ನಮ್ಮವರೋ ಪರರೋ, ಖರೇಯೋ ಸುಳ್ಳೋ, ಇಷ್ಟು ಕೇಳಿದರೆ ಸಾಲದು. ನಕ್ಕ ಮೇಲೆ ಅವನಿಗೆ ನಮ್ಮ ನಡುವೆ ಕೂಡಲು ಜಾಗ ಉಳಿಯುತ್ತದೆಯೋ ಇಲ್ಲವೋ, ಅದನ್ನು ನೋಡಬೇಕು. ಉಳ್ಳವನಿಗೆ ಹತ್ತು ಕಡೆ ಜಾಗ ಇರುತ್ತದೆ, ಒಂದು ಕಡೆ ನಕ್ಕರೆ ಇನ್ನೊಂದು ಕಡೆ ಕೂಡುತ್ತಾನೆ. ಇಲ್ಲದವನಿಗೆ ಇರುವುದೇ ಒಂದು.

ಕಾಲು ನೆಟ್ಟಗಾದ ಮೇಲೆ ಕೋಲು ಹಿಡಿದು ಆ ವಸ್ತಿಗೆ ಹೋದೆ. ಪರದೇಶದ ನಟನೊಬ್ಬ ಎಲ್ಲರ ಎದುರಿಗೆ ತಪ್ಪಾಯಿತು ಅಂದಾನು, ಎರಡು ಮೈಲಿನ ಹಾದಿ ನನಗೆ ಯಾಕೆ ದೂರ ಆಗಬೇಕು? ಅವನ ಮಗ ಈಗ ದಾಳಿಂಬರಿ ಹಚ್ಚಿದ್ದಾನೆ. ಆ ಬಾವಿಯನ್ನು ಹೊಲದ ಕಲ್ಲು ಹಾಕಿ ತುಂಬಿಬಿಟ್ಟಿದ್ದಾನೆ. ಚಹಾ ಕೊಟ್ಟ. ನಾನು ಜಾತ್ರೆಯ ರಾತ್ರಿಯ ಮಾತು ತೆಗೆದು, ನನ್ನದು ತಪ್ಪಾಗಿತ್ತು ಅಂತ ಹೇಳಿದೆ. ಅವನು ಬಹಳ ಹೊತ್ತು ಬಶಿ ಹಿಡಿದುಕೊಂಡು ಕುಂತ. ಆಮೇಲೆ, "ಕಾಕಾ, ಅಪ್ಪ ಹಾಡ ಕೇಳೂದು ಯಾಕ ಬಿಟ್ಟಾ ಅಂತ ನಮಗ ಗೊತ್ತೇ ಇದ್ದಿಲ್ಲ. ನಾವೂ ಸಣ್ಣವರಿದ್ದಾಗ ಜಾತ್ರಿಗಿ ಹೋಗೂಣು ಅಂತ ಅತ್ತೇವು, ಅಂವ ಕರಕೊಂಡ ಹೋಗಲಿಲ್ಲ" ಅಂದ. ನಾನು ಒಬ್ಬನ ಜಾಗ ಕಳೆದೆ ಅಂದುಕೊಂಡಿದ್ದೆ. ಅವನ ಮಕ್ಕಳದೂ ಕಳೆದಿದ್ದೆ.

ಈ ಪುಸ್ತಕ ಓದುವ ಮಾಸ್ತರರಿಗೆ, ಅಕ್ಕೋರಿಗೆ ಒಂದು ವಿನಂತಿ. ವರ್ಗದಲ್ಲಿ ಎಲ್ಲ ಮಕ್ಕಳೂ ನಗುವಾಗ, ಯಾರನ್ನು ನೋಡಿ ನಗುತ್ತಾರೋ ಆ ಕೂಸಿನ ಕಡೆ ಒಮ್ಮೆ ನೋಡಿರಿ. ನನ್ನ ಹತ್ತಿರ ಹಾಡು ಕಲಿಯಲು ಬರುವ ಹುಡುಗರಿಗೂ ಈಗ ಇದನ್ನೇ ಹೇಳುತ್ತೇನೆ: ಯಾರ ಮೇಲೆ ಬೇಕಾದರೂ ಪದ ಕಟ್ಟಿರಿ, ಆದರೆ ಕಟ್ಟುವ ಮೊದಲು ಅವನು ಯಾವ ಸಾಲಿನಲ್ಲಿ ಕುಂತಿದ್ದಾನೆ, ಎದ್ದರೆ ಎಲ್ಲಿ ಹೋಗಿ ಕೂಡುತ್ತಾನೆ ಅನ್ನುವುದನ್ನು ನೋಡಿರಿ.

ಈ ಸಲದ ಜಾತ್ರೆಗೆ ಬಾ ಅಂತ ಆ ಹುಡುಗನಿಗೆ ಹೇಳಿ ಬಂದಿದ್ದೇನೆ. ನೋಡೂಣು ಅಂದಾನೆ. ಕುಂತ ದೈವಕ್ಕ ಮತ್ತೊಮ್ಮೆ ಶರಣು.